ಸಿಯಾಟಲ್ ಮಕ್ಕಳಿಗೆ ಸಿಕ್ಕ 34 ನಿಮಿಷ

ಅಮೆರಿಕದ ಸಿಯಾಟಲ್‌ನ ಹೈಸ್ಕೂಲುಗಳಲ್ಲಿ ಬೆಳಗಿನ ಗಂಟೆ ಹೊಡೆಯುತ್ತಿದ್ದುದು 7:50ಕ್ಕೆ. 2016ರಲ್ಲಿ ಅದನ್ನು 8:45ಕ್ಕೆ ಮುಂದೂಡಿದರು.

ಹಾಗಾದರೆ ಮಕ್ಕಳು ರಾತ್ರಿ ಇನ್ನಷ್ಟು ತಡವಾಗಿ ಮಲಗುವುದಿಲ್ಲವೇ? ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಶಾಲೆಗಳ ವಿದ್ಯಾರ್ಥಿಗಳ ಮಣಿಕಟ್ಟಿಗೆ ಚಲನವಲನ ದಾಖಲಿಸುವ ವಾಚು ಕಟ್ಟಿ ನೋಡಿದರು. ಮಲಗುವ ಹೊತ್ತು ಹೆಚ್ಚೇನೂ ಬದಲಾಗಿರಲಿಲ್ಲ. ಶಾಲೆಯ ದಿನಗಳಲ್ಲಿ ನಿದ್ದೆ ಮಾತ್ರ 34 ನಿಮಿಷ ಹೆಚ್ಚಿತ್ತು!

ಕಾರಣ ದೇಹದಲ್ಲೇ ಇದೆ. ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗೆಂದು ಎಷ್ಟು ಗದರಿದರೂ ನಿದ್ದೆ ಹತ್ತುವುದಿಲ್ಲ. ಇಂಥ ಮಕ್ಕಳನ್ನು ಸೋಮಾರಿಗಳೆನ್ನುವುದು ಅನ್ಯಾಯ.

ಕ್ಯಾಲಿಫೋರ್ನಿಯಾ ಕಾನೂನನ್ನೇ ತಂದಿತು. 2022ರ ಜುಲೈಯಿಂದ ಅಲ್ಲಿನ ಸರ್ಕಾರಿ ಹೈಸ್ಕೂಲುಗಳು 8:30ಕ್ಕಿಂತ ಮೊದಲು ದಿನದ ಪಾಠ ಆರಂಭಿಸುವಂತಿಲ್ಲ. ಗ್ರಾಮೀಣ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ ಇದೆ.