ಹಸುವಿಲ್ಲದ ಹಾಲೂ ನ್ಯೂಜಿಲೆಂಡಿನ ಹುಲ್ಲೂ

ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 53 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಲ್ಲಿ ಕರೆಯುವ ಹಾಲಿನಲ್ಲಿ ನೂರಕ್ಕೆ 95 ಪಾಲು ಹೊರನಾಡುಗಳಿಗೆ ಹೋಗುತ್ತದೆ. ಆದರೆ ಅದು ಹೋಗುವುದು ಬಹುಮಟ್ಟಿಗೆ ಹಾಲಿನ ರೂಪದಲ್ಲಲ್ಲ. ಪುಡಿ, ಬೆಣ್ಣೆ, ಚೀಸುಗಳ ರೂಪದಲ್ಲಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಆ ದೇಶಕ್ಕೆ ಒದಗಬಹುದಾದ ಅಪಾಯ ಲೋಟದ ಹಾಲಿನಿಂದಲ್ಲ, ಪುಡಿಯಿಂದ.

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಸಸಾರಜನಕ ಮೂರೂವರೆ ಪಾಲಿನಷ್ಟು. ಹಸುವಿನ ಜೀವಕೋಶಕ್ಕೆ ಈ ಸಸಾರಜನಕವನ್ನು ಕಟ್ಟಲು ಕಲಿಸುವ ಜೀನನ್ನು ಯೀಸ್ಟಿಗೋ ಬೂಷ್ಟಿಗೋ ಸೇರಿಸಿ, ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಸಕ್ಕರೆ ಉಣಿಸಿ ಬೆಳೆಸಿದರೆ, ಆ ಸೂಕ್ಷ್ಮಜೀವಿಯೂ ಅದನ್ನೇ ಕಟ್ಟುತ್ತದೆ. ಇದು ಕೇವಲ ಕಲ್ಪನೆಯಲ್ಲ. ಚೀಸಿಗಾಗಿ ಹಾಲನ್ನು ಒಡೆಯುವ ಕಿಣ್ವವನ್ನು ಹಿಂದೆ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಹೀಗೆ ಸೂಕ್ಷ್ಮಜೀವಿಯಿಂದ ಪಡೆದ ಕಿಣ್ವಕ್ಕೆ 1990ರಲ್ಲಿ ಅಮೆರಿಕ ಸಮ್ಮತಿಯಿತ್ತಿತು. ಇಂದು ಅಲ್ಲಿನ ಚೀಸಿನ ಬಹುಭಾಗ ಅದರಿಂದಲೇ ತಯಾರಾಗುತ್ತದೆ. 2020ರ ಹೊತ್ತಿಗೆ ಹಾಲೊಡಕಿನ ಸಸಾರಜನಕವನ್ನೂ ಇದೇ ಬಗೆಯಲ್ಲಿ ಪಡೆದು ಮಾಡಿದ ಐಸ್‌ಕ್ರೀಮು ಅಮೆರಿಕದ ಅಂಗಡಿಗಳಿಗೆ ಬಂದಿತ್ತು.

ಇಡೀ ಹಾಲನ್ನು ತೊಟ್ಟಿಯಲ್ಲಿ ಸೃಷ್ಟಿಸುವುದು ಇಂದಿಗೂ ದುಸ್ತರ. ಹಾಗಿದ್ದರೆ ರೈತನಿಗೇಕೆ ಭಯ? ಹಾಲಿನ ಬೆಲೆಯೆಂಬುದು ಅದರ ಭಾಗಗಳ ಬೆಲೆಗಳ ಮೊತ್ತ. ಕೊಬ್ಬು, ಕೇಸೀನು, ಹಾಲೊಡಕು ಇವುಗಳಲ್ಲಿ ಒಂದರ ಬೆಲೆ ಕುಸಿದರೂ ಮೊತ್ತ ತಗ್ಗುತ್ತದೆ. ಹಸುವಾದರೋ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲಾರದು. ಬಿಸ್ಕತ್ತಿನ ಕಾರ್ಖಾನೆಯಾತನಿಗೆ ಬೇಕಾದುದು ಪುಡಿಯ ಗುಣವೇ ಹೊರತು ಅದರ ಹುಟ್ಟಲ್ಲ. ಅಗ್ಗವಾದುದನ್ನು ಅವನು ಕೊಳ್ಳುವನು. ಹಾಲಿನ ಬೆಲೆ ಇಳಿದರೆ ಹುಲ್ಲುಗಾವಲಿನ ಬೆಲೆಯೂ ಇಳಿಯುತ್ತದೆ. ಆ ನೆಲವನ್ನೇ ಆಧಾರವಿತ್ತು ರೈತರು ಬ್ಯಾಂಕುಗಳಲ್ಲಿ ಸಾಲ ಮಾಡಿದ್ದಾರೆ.

ಈ ದೇಶಕ್ಕೆ ಇಂಥ ಅನುಭವ ಹೊಸದೇನಲ್ಲ. 1966ರ ಕೊನೆಯಲ್ಲಿ ಉಣ್ಣೆಯ ಬೆಲೆ ಹಠಾತ್ತನೆ ಬಿತ್ತು. ಕೃತಕ ನೂಲಿನ ಪೈಪೋಟಿಯೂ ಅದಕ್ಕೊಂದು ಕಾರಣ. ಮರುವರ್ಷ ದೇಶವು ತನ್ನ ನಾಣ್ಯದ ಬೆಲೆಯನ್ನೇ ತಗ್ಗಿಸಬೇಕಾಯಿತು. ನಮ್ಮ ಬಿಹಾರದ ನೀಲಿಯ ಬೆಳೆಗೆ 1897ರ ಜರ್ಮನ್ ಕೃತಕ ನೀಲಿ ಮಾಡಿದ್ದೂ ಇಂಥದೇ.

ಆದರೂ ಪ್ರಳಯ ನಾಳೆಯೇ ಬಂದೀತೆಂಬ ಮಾತನ್ನು ನಾನು ಒಪ್ಪಲಾರೆ. ಉಕ್ಕಿನ ತೊಟ್ಟಿಗೂ ವಿದ್ಯುತ್ತಿಗೂ ಅಪಾರ ಹಣ ಬೇಕು. ಅಲ್ಲಿನ ಹುಲ್ಲೋ, ಮಳೆಯ ಕೃಪೆಯಿಂದ ವರ್ಷವಿಡೀ ಬೆಳೆಯುತ್ತದೆ. ಅಲ್ಲಿನ ಹಾಲಿನ ಬಹುಪಾಲನ್ನು ಸಂಗ್ರಹಿಸುವ ಫಾಂಟೆರಾ ಎಂಬ ರೈತರ ಸಹಕಾರ ಸಂಘವು ಕೈಕಟ್ಟಿ ಕುಳಿತಿಲ್ಲ. 2022ರಲ್ಲಿ ಡಚ್ ಸಂಸ್ಥೆಯೊಂದರೊಡನೆ ಸೇರಿ ತೊಟ್ಟಿಯ ಸಸಾರಜನಕಕ್ಕಾಗಿ ಹೊಸ ಕಂಪನಿಯ ಯೋಜನೆಯನ್ನು ಸಾರಿತು. ಆದರೆ ಸೂಕ್ಷ್ಮಜೀವಿಗೆ ಉಣಿಸುವುದು ಹುಲ್ಲನ್ನಲ್ಲ, ಸಕ್ಕರೆಯನ್ನು. ನ್ಯೂಜಿಲೆಂಡಿನಲ್ಲಿ ಕಬ್ಬಿನ ಬೇಸಾಯವಿಲ್ಲ; ಬ್ರೆಜಿಲಿನಲ್ಲೂ ನಮ್ಮಲ್ಲೂ ಉಂಟು.