ತಕ್ಕಡಿ ಹಿಡಿದ ದೇವತೆ, ತೆಳುವಾದ ಬೆಳ್ಳಿ

ನಾಣ್ಯದ ಮೇಲಿನ ಮುದ್ರೆ ಒಂದು ವಾಗ್ದಾನ. ಒಳಗಿನ ಲೋಹ ಅದರ ಪಾಲನೆ. ಇವೆರಡರ ನಡುವೆ ಅಂತರವುಂಟಾದರೆ ಏನಾಗುವುದೆಂಬುದಕ್ಕೆ ಪ್ರಾಚೀನ ರೋಮಿನ ಬೆಳ್ಳಿ ನಾಣ್ಯವಾದ ದಿನಾರಿಯಸ್ ಉತ್ತಮ ನಿದರ್ಶನವಾಗಿದೆ.

ಕಾರ್ಥೇಜಿನೊಡನೆ ಯುದ್ಧ ನಡೆದಿದ್ದ ಕ್ರಿ.ಪೂ. 211ರ ಸುಮಾರಿಗೆ ಈ ನಾಣ್ಯ ಚಲಾವಣೆಗೆ ಬಂದಿತು. ಆರಂಭದಲ್ಲಿ ಅದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ಮುಖದಲ್ಲಿ ಶಿರಸ್ತ್ರಾಣ ಧರಿಸಿದ ರೋಮಾ ದೇವತೆ. ಇನ್ನೊಂದರಲ್ಲಿ ಕುದುರೆಯೇರಿದ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್. ಟಂಕಸಾಲೆಯು ಜೂನೋ ಮೊನೇಟಾ ದೇವಾಲಯದ ಬಳಿಯಿತ್ತು. ಇಂಗ್ಲಿಷಿನ ‘ಮನಿ’ ಎಂಬ ಪದದ ಮೂಲ ಅದೇ ಹೆಸರು.

ವೃತ್ತಪತ್ರಿಕೆಗಳಿಲ್ಲದ ಆ ಕಾಲದಲ್ಲಿ ನಾಣ್ಯವೇ ಪ್ರಚಾರದ ಸಾಧನ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಬದುಕಿರುವಾಗಲೇ ಅವನ ಮುಖ ರೋಮಿನ ನಾಣ್ಯವನ್ನೇರಿತು. ಅವನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರ ಸುಮಾರಿಗೆ ತನ್ನ ನಾಣ್ಯದಲ್ಲಿ ಎರಡು ಕಠಾರಿಗಳನ್ನೂ ಅವುಗಳ ನಡುವೆ ದಾಸ್ಯಮುಕ್ತರು ಧರಿಸುವ ಟೋಪಿಯನ್ನೂ ಮುದ್ರಿಸಿದನು. ‘ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ’ ಎಂಬುದು ಅದರ ಸಂದೇಶ. ವಿಪರ್ಯಾಸವೆಂದರೆ, ಅದರ ಮತ್ತೊಂದು ಮುಖದಲ್ಲಿದ್ದುದು ಸ್ವತಃ ಬ್ರೂಟಸನದೇ ಮುಖ!

ವರ್ತಕರಾದ ನಾವು ಗಮನಿಸಬೇಕಾದ ಚಿತ್ರವೆಂದರೆ ಈಕ್ವಿಟಾಸ್, ಅಂದರೆ ನ್ಯಾಯೋಚಿತ ವ್ಯವಹಾರದ ದೇವತೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಸಮೃದ್ಧಿಯ ಕೊಂಬು. ತೂಕ ಸರಿಯಿದ್ದರೆ ಸಮೃದ್ಧಿ ತಾನಾಗಿ ಬರುವುದೆಂಬುದು ಇದರ ತಾತ್ಪರ್ಯ. ಆದರೆ ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದನು. ಸೈನ್ಯದ ವೆಚ್ಚ ಏರಿದಂತೆ ಮುಂದಿನ ಅರಸರೂ ಅದೇ ಹಾದಿ ಹಿಡಿದರು. ಕ್ರಿ.ಶ. 270ರ ವೇಳೆಗೆ ‘ಬೆಳ್ಳಿ’ ನಾಣ್ಯದಲ್ಲಿ ಶೇಕಡಾ 5ರಷ್ಟೂ ಬೆಳ್ಳಿ ಉಳಿದಿರಲಿಲ್ಲ. ಆ ಶತಮಾನದ ಕಳಪೆ ನಾಣ್ಯಗಳ ಮೇಲೂ ಈಕ್ವಿಟಾಸ್ ತಕ್ಕಡಿ ಹಿಡಿದೇ ನಿಂತಿದ್ದಳು!

ನಮ್ಮ ನಾಡಿನ ವರ್ತಕರಿಗೂ ಈ ನಾಣ್ಯ ಅಪರಿಚಿತವಾಗಿರಲಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ದಿನಾರಿಯಸ್‌ಗಳು ದೊರೆತಿವೆ. ದಕ್ಷಿಣ ಭಾರತದಲ್ಲಿ ಸಿಕ್ಕವುಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಉತ್ತಮ ಬೆಳ್ಳಿಯವು. ನೀರೋ ತಗ್ಗಿಸಿದ ನಂತರದವು ವಿರಳ. ಕಡಲಾಚೆಯ ಚಕ್ರವರ್ತಿಯ ಆಜ್ಞೆ ಇಲ್ಲಿ ನಡೆಯುವಂತಿರಲಿಲ್ಲ. ಇಲ್ಲಿ ಬೆಲೆಯಿದ್ದುದು ಬೆಳ್ಳಿಗೆ.

ಲೆಕ್ಕಪತ್ರಗಳನ್ನು ಪರಿಶೀಲಿಸುವ ನನ್ನ ವೃತ್ತಿಯ ಪಾಠವೂ ಇದೇ ಆಗಿದೆ. ಆಸ್ತಿ-ಹೊಣೆ ಪಟ್ಟಿ, ಸರಕಿನ ಮೇಲಿನ ಗುಣಮಟ್ಟದ ಚಿಹ್ನೆ, ನಾವು ಬರೆದುಕೊಡುವ ಚೆಕ್ಕು ಇವೆಲ್ಲವೂ ಮುದ್ರೆಗಳೇ. ಅವುಗಳ ಹಿಂದಿನ ಬೆಳ್ಳಿ ಕಡಿಮೆಯಾದುದನ್ನು ಮಾರುಕಟ್ಟೆ ಇಂದಲ್ಲದಿದ್ದರೆ ನಾಳೆ ಕಂಡುಹಿಡಿದೇ ತೀರುತ್ತದೆ.