ಈ ಕೆಂಪು ನಿಜವೇನ್ರಪ್ಪಾ? – ಒಂದು ನೀಹಾರಿಕೆ ಚಿತ್ರದ ಕಥೆ

ಕಳೆದ ತಿಂಗಳ ಕೂಟದಲ್ಲಿ ಕಥಾವಾಚನ ಮುಗಿದು ಕಾಫಿ ಬರುವ ಹೊತ್ತಿಗೆ, ನಾವು ತೆಗೆದ ಮಹಾವ್ಯಾಧ ನಕ್ಷತ್ರಪುಂಜದ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದ್ದು ಬಂದವರಿಗೆ ನೆನಪಿರಬಹುದು. ಎಲ್ಲರೂ "ಆಹಾ" ಎಂದರು. ಹಿರಿಯರೊಬ್ಬರು ಮಾತ್ರ ಕನ್ನಡಕ ಸರಿಪಡಿಸಿಕೊಂಡು, "ಚೆನ್ನಾಗಿದೆ ಕಣ್ರಪ್ಪಾ. ಆದ್ರೆ ಈ ಕೆಂಪು ಆಕಾಶದಲ್ಲಿ ಇರೋದೋ, ಇಲ್ಲಾ ನೀವು ಕಂಪ್ಯೂಟರಿನಲ್ಲಿ ಬಳಿದದ್ದೋ?" ಎಂದು ಕೇಳಿದರು. "ಎಲ್ಲಾ ನಿಜಾನೇ ಸಾರ್" ಎಂದು ನಕ್ಕು ಜಾರಿಕೊಂಡೆವು. ಅಲ್ಲಿಗೇ ನಿಲ್ಲಲಿಲ್ಲ, ಯುಗಾದಿ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಅದೇ ಚಿತ್ರ ಬೇಕೆಂದು ಸಂಪಾದಕರು ಕೇಳಿದಾಗ ಉಬ್ಬಿಹೋಗಿ ಒಪ್ಪಿಕೊಂಡೂ ಬಿಟ್ಟೆವು.

ಮುದ್ರಣಕ್ಕೆಂದು ಚಿತ್ರವನ್ನು ದೊಡ್ಡದು ಮಾಡಿ ನೋಡಲು ಕುಳಿತಾಗ ಎದೆ ಧಸಕ್ಕೆಂದಿತು. ಇಲ್ಲದ್ದನ್ನು ನಾವು ಬಳಿದಿರಲಿಲ್ಲ, ನಿಜ. ಆದರೆ ಇದ್ದದ್ದನ್ನು ಅಳಿಸಿಬಿಟ್ಟಿದ್ದೆವು! ಹಿರಿಯರಿಗೆ ಕೊಡಬೇಕಿದ್ದ ಸರಿಯಾದ ಉತ್ತರ ಈ ಲೇಖನ. ತಪ್ಪೊಪ್ಪಿಗೆ ಎಂದರೂ ಸರಿಯೇ.

ಮೊದಲು ಆಕಾಶದ ವಿಷಯ. ಆರ್ದ್ರಾ, ಮೃಗಶಿರಾ ಮಳೆಗಳ ಹೆಸರು ಕೇಳಿ ಬೆಳೆದವರು ನಾವು. ಆ ಎರಡೂ ನಕ್ಷತ್ರಗಳು ಇರುವುದು ಇದೇ ಮಹಾವ್ಯಾಧನ, ಅಂದರೆ ಓರಾಯನ್‌ನ ಭುಜ ಮತ್ತು ತಲೆಯ ಭಾಗದಲ್ಲಿ. ಸೊಂಟದ ಪಟ್ಟಿಯ ಮೂರು ಚುಕ್ಕಿಗಳ ಕೆಳಗೆ, ಕತ್ತಿ ತೂಗುವ ಜಾಗದಲ್ಲಿ, ಬರಿಗಣ್ಣಿಗೂ ಮಸುಕಾಗಿ ಕಾಣುವುದೇ ಪ್ರಸಿದ್ಧ ಮಹಾವ್ಯಾಧ ನೀಹಾರಿಕೆ. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲ ಮತ್ತು ದೂಳಿನ ಮೋಡ ಅದು. ದೂರದರ್ಶಕ ಇಟ್ಟವರೆಲ್ಲ ಮೊದಲು ತಿರುಗಿಸುವುದು ಅದರ ಕಡೆಗೇ.

ಆದರೆ ನಮಗೆ ಬೇಕಾಗಿದ್ದು ಅದರ ಸುತ್ತಲಿನ ಇಡೀ ಊರು. ಮಹಾವ್ಯಾಧನ ಪೂರ್ವ ದಿಕ್ಕಿನಲ್ಲಿ ಅರ್ಧ ಬಳೆಯ ಆಕಾರದ ಒಂದು ಬಲು ಮಂದವಾದ ಕೆಂಪು ಕಮಾನು ಇದೆ. ಬರ್ನಾರ್ಡ್ ಕಮಾನು ಎನ್ನೋಣ. ಪೂರ್ಣಚಂದ್ರ ನಮ್ಮ ಕಣ್ಣಿಗೆ ಅರ್ಧ ಡಿಗ್ರಿ ಅಗಲ. ಈ ಕಮಾನಿನ ಹರವು ಸುಮಾರು 10 ಡಿಗ್ರಿ. ಅಂದರೆ ಇಪ್ಪತ್ತು ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು! ಆಕಾಶದ ಸಣ್ಣ ತುಣುಕನ್ನು ಮಾತ್ರ ತೋರಿಸುವ ದೊಡ್ಡ ದೂರದರ್ಶಕದಲ್ಲಿ ಇದು ಹಿಡಿಸುವುದೇ ಇಲ್ಲ. ಬೇಕಾದದ್ದು ಸಾಧಾರಣ ಕ್ಯಾಮೆರಾ ಮತ್ತು 50 ಮಿಲಿಮೀಟರಿನ ಲೆನ್ಸು. ಇದನ್ನೇ ವೈಡ್ ಫೀಲ್ಡ್ ಛಾಯಾಗ್ರಹಣ ಎನ್ನುವುದು. ಕ್ಯಾಮೆರಾದ ಕೆಳಗೆ ಒಂದು ಪುಟ್ಟ ಟ್ರ್ಯಾಕರ್ ಬೇಕು. ಅದು ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಎದುರು ತಿರುಗುತ್ತದೆ. ಇಲ್ಲದಿದ್ದರೆ ನಕ್ಷತ್ರಗಳೆಲ್ಲ ಗೀರುಗಳಾಗುತ್ತವೆ.

ಡಿಸೆಂಬರಿನ ಒಂದು ಅಮಾವಾಸ್ಯೆಗೆ, ಹಗಲು ಕೋಡು ಬರೆದು ಹೊಟ್ಟೆ ಹೊರೆಯುವ ನಾವಿಬ್ಬರು ಗೆಳೆಯರು, ಪುಳಿಯೋಗರೆ ಕಟ್ಟಿಸಿಕೊಂಡು ಬೇ ಏರಿಯಾದಿಂದ ಡೆತ್ ವ್ಯಾಲಿಗೆ ಹೊರಟೆವು. 2013ರಲ್ಲೇ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಪಡೆದ ಜಾಗ ಅದು. ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ ತಲಾ ಎರಡು ನಿಮಿಷದ 100 ಚಿತ್ರಗಳನ್ನು ತೆಗೆದೆವು.

ನೂರು ಯಾಕೆ, ಒಂದು ಸಾಲದೇ ಎಂದು ನೀವು ಕೇಳಬಹುದು. ಕ್ಯಾಮೆರಾ ಪ್ರತಿ ಬಿಂದುವಿನ ಬೆಳಕನ್ನು ಒಂದು ಅಂಕೆಯಾಗಿ ಬರೆದಿಡುತ್ತದೆ. ನಮ್ಮ ಕ್ಯಾಮೆರಾದಲ್ಲಿ 0ಯಿಂದ 16,383ರವರೆಗೆ. ಉದಾಹರಣೆಗೆ ಖಾಲಿ ಆಕಾಶದ ಅಂಕೆ 1,000 ಎಂದಿಟ್ಟುಕೊಳ್ಳಿ. ಕಮಾನು ಇರುವ ಕಡೆ ಅದು 1,012. ಆದರೆ ಬೆಳಕು ಹನಿಹನಿಯಾಗಿ ಬೀಳುವುದರಿಂದಲೂ, ಕ್ಯಾಮೆರಾದ ಸ್ವಂತ ಗೊಂದಲದಿಂದಲೂ ಪ್ರತಿ ಅಂಕೆ ನಲವತ್ತರಷ್ಟು ಹಿಂದೆ ಮುಂದೆ ಓಲಾಡುತ್ತಿರುತ್ತದೆ. ಈ ನಲವತ್ತರ ಗಲಾಟೆಯಲ್ಲಿ ಹನ್ನೆರಡು ಯಾರಿಗೆ ಕೇಳಿಸೀತು?

ರಾಜ್ಯೋತ್ಸವದ ದಿನ ನಾವೆಲ್ಲ ಸೇರಿ ನಾಡಗೀತೆ ಹಾಡುವುದನ್ನು ನೆನೆಸಿಕೊಳ್ಳಿ. ಒಬ್ಬೊಬ್ಬರ ಅಪಶ್ರುತಿ ಒಂದೊಂದು ಕಡೆಗೆ. ಆದರೆ ರಾಗ ಎಲ್ಲರದ್ದೂ ಒಂದೇ. ನೂರು ಜನ ಹಾಡಿದಾಗ ಅಪಶ್ರುತಿಗಳು ಒಂದನ್ನೊಂದು ಅಳಿಸಿಕೊಂಡು ರಾಗ ಉಳಿಯುತ್ತದೆ. ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸರಾಸರಿ ತೆಗೆದರೆ ಆಗುವುದೂ ಇದೇ. ಇದಕ್ಕೆ ಸ್ಟ್ಯಾಕಿಂಗ್ ಎಂದು ಹೆಸರು. ಓಲಾಟ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ತಗ್ಗುತ್ತದೆ: ನೂರು ಚಿತ್ರಕ್ಕೆ ಹತ್ತು ಪಟ್ಟು. ನಲವತ್ತು ಈಗ ನಾಲ್ಕಾಯಿತು, ಹನ್ನೆರಡು ಹನ್ನೆರಡಾಗಿಯೇ ಉಳಿಯಿತು. ಕಮಾನು ತಲೆ ಎತ್ತಿತು! ಒಂದು ಚಿತ್ರದಲ್ಲಿ ವಿಮಾನವೋ ಉಪಗ್ರಹವೋ ಗೀರು ಎಳೆದಿದ್ದರೆ ಉಳಿದ ತೊಂಬತ್ತೊಂಬತ್ತು ಅದನ್ನು ಬಹುಮತದಿಂದ ತಳ್ಳಿಹಾಕುತ್ತವೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಮುಂತಾದ ಉಚಿತ ತಂತ್ರಾಂಶಗಳು ಇಷ್ಟನ್ನೂ ಮಾಡಿಕೊಡುತ್ತವೆ.

ಇದರ ಜೊತೆಗೆ ಕ್ಯಾಮೆರಾದ ಸ್ವಂತ ದೋಷಗಳನ್ನೂ ಕಳೆಯಬೇಕು. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕತ್ತಲೆಯ ಚಿತ್ರಗಳನ್ನು ತೆಗೆದರೆ ಸೆನ್ಸರಿನ ಬಿಸಿಯಿಂದ ಬರುವ ಸುಳ್ಳು ಬೆಳಕು ಎಷ್ಟೆಂದು ತಿಳಿಯುತ್ತದೆ. ಅವು ಡಾರ್ಕ್ ಫ್ರೇಮುಗಳು. ಬೆಳಗಿನ ತಿಳಿ ಆಕಾಶಕ್ಕೆ ಲೆನ್ಸು ಹಿಡಿದು, ಮೇಲೆ ಬಿಳಿ ಬಟ್ಟೆ ಹೊದಿಸಿ ತೆಗೆದರೆ ಅಂಚುಗಳು ಎಷ್ಟು ಮಂಕು, ದೂಳು ಎಲ್ಲಿ ಕೂತಿದೆ ಎಂಬುದು ಗೊತ್ತಾಗುತ್ತದೆ. ಅವು ಫ್ಲ್ಯಾಟ್ ಫ್ರೇಮುಗಳು. ನಾವು ಹೊದಿಸಿದ್ದು ಮಡಚಿದ ಬಿಳಿ ಪಂಚೆ. ಅಮೆರಿಕಕ್ಕೆ ತಂದ ಪಂಚೆ ಕೊನೆಗೂ ಒಂದು ಕೆಲಸಕ್ಕೆ ಬಂತು!

ಈಗ ನಾವು ಎಡವಿದ ಜಾಗಕ್ಕೆ ಬರೋಣ. ಡೆತ್ ವ್ಯಾಲಿ ಎಷ್ಟೇ ಕತ್ತಲೆಯಿದ್ದರೂ ಪೂರ್ವದಂಚಿನಲ್ಲಿ ಲಾಸ್ ವೇಗಸ್‌ನ ದೀಪಗಳ ಪ್ರಭೆ ಕಾಣುತ್ತದೆ. ಆ ಬೆಳಕು ಚಿತ್ರದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬಿದ್ದು ಇಳಿಜಾರಿನಂತೆ ಹರಡಿರುತ್ತದೆ. ಇದನ್ನು ಕಳೆಯಲು ತಂತ್ರಾಂಶಕ್ಕೆ "ಇಲ್ಲಿ, ಇಲ್ಲಿ, ಇಲ್ಲಿ ಬರೀ ಕತ್ತಲೆ ಇದೆ" ಎಂದು ಕೆಲವು ಬಿಂದುಗಳನ್ನು ತೋರಿಸಬೇಕು. ಅದು ಆ ಬಿಂದುಗಳ ಮೂಲಕ ಒಂದು ಮೇಲ್ಮೈಯನ್ನು ಹಾಯಿಸಿ ಚಿತ್ರದಿಂದ ಕಳೆಯುತ್ತದೆ. ಚಿಕ್ಕ ಗೆಲಾಕ್ಸಿಯ ಚಿತ್ರವಾದರೆ ಇದು ಸಲೀಸು, ಸುತ್ತಲೂ ಖಾಲಿ ಜಾಗ ಬೇಕಾದಷ್ಟಿರುತ್ತದೆ. ಆದರೆ ವೈಡ್ ಫೀಲ್ಡಿನಲ್ಲಿ, ಅದೂ ಮಹಾವ್ಯಾಧನಲ್ಲಿ, ಖಾಲಿ ಜಾಗವೇ ಅಪರೂಪ! ಎಲ್ಲಿ ನೋಡಿದರೂ ತೆಳುವಾಗಿ ಹೈಡ್ರೋಜನ್ನೋ ದೂಳೋ ಹಬ್ಬಿರುತ್ತದೆ.

ನಾವು ಮಾಡಿದ್ದೇನು? ಬಿಂದುಗಳನ್ನು ತಾನಾಗಿಯೇ ಇಡುವಂತೆ ತಂತ್ರಾಂಶಕ್ಕೆ ಹೇಳಿ, ಬೇಕಾದಂತೆ ಬಾಗಬಲ್ಲ ಮೇಲ್ಮೈಯನ್ನು ಆರಿಸಿ, ಚಹಾ ಮಾಡಲು ಎದ್ದುಹೋದೆವು. ಮಹಾವ್ಯಾಧ ಮೂಡುವಾಗ ಅವನ ಪೂರ್ವ ಬದಿ ಕೆಳಗೆ, ದಿಗಂತದ ಕಡೆಗಿರುತ್ತದೆ. ವೇಗಸ್ ಪ್ರಭೆ ಇದ್ದದ್ದೂ ಅಲ್ಲೇ, ಕಮಾನು ಇದ್ದದ್ದೂ ಅಲ್ಲೇ. ತಂತ್ರಾಂಶಕ್ಕೆ ಎರಡೂ ಒಂದೇ. ಎರಡನ್ನೂ ಕಳೆದುಹಾಕಿತು. ಮೊರದಲ್ಲಿ ಕೇರುವಾಗ ಜೋರಾಗಿ ಬೀಸಿದರೆ ಜೊಳ್ಳಿನ ಜೊತೆ ಕಾಳೂ ಹಾರುತ್ತದಲ್ಲ, ಹಾಗೆ. ಚಿತ್ರ ಮಾತ್ರ ಬಲು ಚೊಕ್ಕಟವಾಗಿ, ಕಪ್ಪು ಮಖಮಲ್ಲಿನ ಮೇಲೆ ರತ್ನ ಇಟ್ಟಂತೆ ಹೊಳೆಯುತ್ತಿತ್ತು. ಅದನ್ನು ನೋಡಿಯೇ ನೀವೂ ನಾವೂ "ಆಹಾ" ಎಂದದ್ದು.

ನಾಚಿಕೆಯ ವಿಷಯವೆಂದರೆ ಆ ಕಮಾನಿಗೆ ಹೆಸರು ಬಂದದ್ದು ನಮ್ಮ ಪಕ್ಕದ ಬೆಟ್ಟದವರಿಂದ. ಸ್ಯಾನ್ ಹೋಸೆಯಿಂದ ಕಾಣುವ ಮೌಂಟ್ ಹ್ಯಾಮಿಲ್ಟನ್ ಮೇಲಿನ ಲಿಕ್ ವೀಕ್ಷಣಾಲಯದಲ್ಲಿ 1895ರವರೆಗೆ ಕೆಲಸ ಮಾಡಿದ ಇ. ಇ. ಬರ್ನಾರ್ಡ್ ಅದನ್ನು ಛಾಯಾಚಿತ್ರದಲ್ಲಿ ಹಿಡಿದು 1894ರಲ್ಲಿ ವರ್ಣಿಸಿದ್ದರು. ಗಣಕವಿಲ್ಲದ ಕಾಲದಲ್ಲಿ ಅವರು ಉಳಿಸಿಕೊಂಡದ್ದನ್ನು ನಾವು ಒಂದು ಕ್ಲಿಕ್ಕಿನಲ್ಲಿ ಕಳೆದುಕೊಂಡೆವು.

ಹಾಗಾದರೆ ಪ್ರಭೆ ಯಾವುದು, ನೀಹಾರಿಕೆ ಯಾವುದು ಎಂದು ತಿಳಿಯುವುದು ಹೇಗೆ? ಯೋಚಿಸಿದಾಗ ಉತ್ತರ ಸರಳವಾಗಿತ್ತು. ವೇಗಸ್ ನೆಲಕ್ಕೆ ಅಂಟಿಕೊಂಡಿದೆ, ನೀಹಾರಿಕೆ ನಕ್ಷತ್ರಗಳಿಗೆ ಅಂಟಿಕೊಂಡಿದೆ. ಎಂಟು ಗಂಟೆಯ ಚಿತ್ರಗಳಲ್ಲಿ ಪ್ರಭೆ ಒಂದು ಮೂಲೆಯಲ್ಲಿತ್ತು. ಮಹಾವ್ಯಾಧ ಮೇಲೇರಿ ದಕ್ಷಿಣಕ್ಕೆ ಸರಿದಂತೆ ಅದು ಚಿತ್ರದಲ್ಲಿ ಜಾಗ ಬದಲಿಸಿ ಕ್ಷೀಣಿಸಿತು. ಕಮಾನು ಮಾತ್ರ ತನ್ನ ನಕ್ಷತ್ರಗಳ ನಡುವೆ ಕದಲದೆ ಕೂತಿತ್ತು. ಮೊದಲ ಐವತ್ತು ಚಿತ್ರಗಳನ್ನು ಒಂದು ಗುಂಪು, ಕೊನೆಯ ಐವತ್ತನ್ನು ಇನ್ನೊಂದು ಗುಂಪು ಮಾಡಿ ಬೇರೆ ಬೇರೆ ಸಂಸ್ಕರಿಸಿದೆವು. ಎರಡರಲ್ಲೂ ಒಂದೇ ಜಾಗದಲ್ಲಿ ಕಂಡದ್ದು ಆಕಾಶದ್ದು, ಜಾಗ ಬದಲಿಸಿದ್ದು ನೆಲದ್ದು. ಸಾಫ್ಟ್‌ವೇರಿನವರಿಗೆ ಟೆಸ್ಟಿಂಗ್ ಹೊಸತೇನಲ್ಲ. ನಮ್ಮ ಚಿತ್ರಕ್ಕೇ ಅದನ್ನು ಅನ್ವಯಿಸಬೇಕೆಂಬ ಬುದ್ಧಿ ತಡವಾಗಿ ಬಂತು, ಅಷ್ಟೆ.

ಎರಡನೆಯ ಸಲ ಬಿಂದುಗಳನ್ನು ಕೈಯಾರೆ ಇಟ್ಟೆವು, ಅದೂ ಬೆರಳೆಣಿಕೆಯಷ್ಟು. ಮೂರು ಸಮೀಕ್ಷೆಗಳನ್ನು ಜೋಡಿಸಿ ಡಗ್ಲಸ್ ಫಿಂಕ್‌ಬೈನರ್ 2003ರಲ್ಲಿ ಪ್ರಕಟಿಸಿದ ಇಡೀ ಆಕಾಶದ ಹೈಡ್ರೋಜನ್ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಿ ಅತಿ ಮಂದವಾಗಿರುವ ಜಾಗಗಳನ್ನಷ್ಟೇ ಆರಿಸಿದೆವು. ಬಾಗುವ ಮೇಲ್ಮೈ ಬಿಟ್ಟು, ಹಲಗೆಯಂತೆ ನೇರವಾಗಿ ಓರೆಯಾಗಬಲ್ಲ ಮೇಲ್ಮೈಯನ್ನು ಕಳೆದೆವು. ಹಲಗೆಗೆ ಬಳೆಯಂತೆ ಬಾಗಲು ಬರುವುದಿಲ್ಲ, ಹಾಗಾಗಿ ಕಮಾನನ್ನು ನುಂಗಲೂ ಬರುವುದಿಲ್ಲ.

ಹೀಗೆ ಕಳೆಯಲು ಬರುವುದಾದರೆ ಊರಲ್ಲೇ ತೆಗೆಯಬಹುದಿತ್ತಲ್ಲ, ಅಷ್ಟು ದೂರ ಯಾಕೆ ಹೋದಿರಿ ಎನ್ನಬಹುದು. ದೀಪದ ಬೆಳಕಿನ ಮೊತ್ತವನ್ನು ಕಳೆಯಬಹುದು. ಅದು ತಂದ ಓಲಾಟವನ್ನು ಕಳೆಯಲಾಗದು. ಅದನ್ನು ತಗ್ಗಿಸಲು ಇನ್ನೂ ಎಷ್ಟೋ ಗಂಟೆ ಚಿತ್ರ ತೆಗೆಯುತ್ತಾ ಹೋಗಬೇಕು. ಕತ್ತಲೆಗೆ ಅದಕ್ಕೇ ಅಷ್ಟು ಬೆಲೆ.

ಉಳಿದದ್ದು ಹಿಗ್ಗಿಸುವ ಕೆಲಸ, ಸ್ಟ್ರೆಚಿಂಗ್. ಸ್ಟ್ಯಾಕ್ ಮಾಡಿದ ಚಿತ್ರ ತೆರೆಯ ಮೇಲೆ ಕಪ್ಪಾಗಿಯೇ ಕಾಣುತ್ತದೆ. ಇರುವ ವಿವರವೆಲ್ಲ ಕೆಳಗಿನ ಕೆಲವೇ ಅಂಕೆಗಳಲ್ಲಿ ಅಡಗಿರುತ್ತದೆ. ಮಂದ ಭಾಗವನ್ನು ಹೆಚ್ಚಾಗಿಯೂ ಉಜ್ವಲ ಭಾಗವನ್ನು ಕಡಿಮೆಯಾಗಿಯೂ ಎತ್ತಿದಾಗ ಎಲ್ಲವೂ ಕಣ್ಣಿಗೆ ಎಟುಕುತ್ತದೆ. ನೀಹಾರಿಕೆಯ ನಡುಭಾಗ ಎರಡು ನಿಮಿಷದಲ್ಲಿ ಬೆಳ್ಳಗೆ ತುಂಬಿಹೋಗುವುದರಿಂದ ಅಲ್ಲಿಗೆ ಕೆಲವೇ ಸೆಕೆಂಡಿನ ಚಿತ್ರಗಳನ್ನು ಬೆಸೆಯುತ್ತೇವೆ. ಚಿತ್ರಕ್ಕೆ ನಿಜವಾದ ವಸ್ತುವಿಗಿಂತ ಬೇರೆಯದೇ ಅಳತೆಗೋಲು ಬರುವುದು ಇಲ್ಲಿ, ಅದನ್ನು ಒಪ್ಪಿಕೊಳ್ಳಬೇಕು. ಕಮಾನು ನೀಹಾರಿಕೆಯ ನಡುಭಾಗಕ್ಕಿಂತ ಎಷ್ಟು ಮಂದ ಎಂಬುದು ನಮ್ಮ ಚಿತ್ರದಿಂದ ತಿಳಿಯುವುದಿಲ್ಲ.

ಇನ್ನು ಕೆಂಪು. ನೀಹಾರಿಕೆಯ ಹೈಡ್ರೋಜನ್, ಹತ್ತಿರದ ಬಿಸಿ ನಕ್ಷತ್ರಗಳ ಕಿರಣದಿಂದ ಕೆರಳಿ 656.3 ನ್ಯಾನೋಮೀಟರಿನ ಬೆಳಕು ಸೂಸುತ್ತದೆ. ಅದು ಕೆಂಪೇ. ಆದರೆ ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಅಂಗಡಿಯಿಂದ ತಂದ ಕ್ಯಾಮೆರಾದ ಒಳಗಿನ ಫಿಲ್ಟರೂ ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ನಾವು ಅದನ್ನು ತೆಗೆಸಿ ಬೇರೆಯದು ಹಾಕಿಸಿದ್ದೇವೆ.

ಈಗಂತೂ ನಕ್ಷತ್ರ ತೆಗೆಯಲು, ಗದ್ದಲ ಅಳಿಸಲು, ಮೊನಚು ಕೊಡಲು ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ನಾವೂ ಬಳಸುತ್ತೇವೆ. ಬೇರೆ ಚಿತ್ರಗಳನ್ನು ನೋಡಿ ಕಲಿತ ಅವು ಕೆಲವೊಮ್ಮೆ ಗದ್ದಲವನ್ನೇ ನವಿರಾದ ಎಳೆಗಳನ್ನಾಗಿ ನೇಯ್ದುಬಿಡುತ್ತವೆ. ಆದ್ದರಿಂದ ಎರಡು ಗುಂಪುಗಳ ಪರೀಕ್ಷೆಯಲ್ಲಿ ಗೆಲ್ಲದ ಎಳೆ ಎಷ್ಟೇ ಚೆಂದವಿದ್ದರೂ ಇಟ್ಟುಕೊಳ್ಳುವುದಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಸಂಪಾದಕರಿಗೆ ವಿಷಯ ತಿಳಿಸಿ ಹಳೆಯ ಚಿತ್ರವನ್ನು ಹಿಂದಕ್ಕೆ ಪಡೆದೆವು. ಹೊಸದು ಕಳುಹಿಸಿದ್ದೇವೆ. ಹಿನ್ನೆಲೆ ಅಷ್ಟು ಕಪ್ಪಗಿಲ್ಲ, ಕೊಂಚ ಮಂಜು ಕವಿದಂತಿದೆ. ಮಖಮಲ್ಲು ಹೋಯಿತಲ್ಲ ಎಂದು ಕೆಲವರಿಗೆ ಬೇಸರವಾಗಬಹುದು. ಆದರೆ ಎಡಗಡೆ ಮೆಲ್ಲಗೆ ಬಾಗಿರುವ ಕೆಂಪು ಬಳೆಯನ್ನು ದಯವಿಟ್ಟು ಗಮನಿಸಿ.

ಮುಂದಿನ ಕೂಟದಲ್ಲಿ ಆ ಹಿರಿಯರು ಸಿಕ್ಕಾಗ ಹೇಳಬೇಕಾದ್ದನ್ನು ಇಲ್ಲೇ ಬರೆದುಬಿಡುತ್ತೇವೆ: ಸಾರ್, ಕೆಂಪು ಆಕಾಶದ್ದೇ. ಅದನ್ನು ಎಷ್ಟು ಎತ್ತಿ ತೋರಿಸಬೇಕೆಂಬುದು ನಮ್ಮ ಆಯ್ಕೆ. ಅಂದು ಇಲ್ಲದೆ ಹೋದ ಕಮಾನು ನಮ್ಮ ತಪ್ಪು. ನೀವು ಕೇಳದಿದ್ದರೆ ನಮಗೂ ಅದು ಗೊತ್ತಾಗುತ್ತಿರಲಿಲ್ಲವೇನೋ. ಪ್ರಶ್ನೆ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ.